ಬಸುರಿಯ ವಾಂತಿಗೂ ಮದ್ದಿದೆ

"ಬಸುರಿ ಅಂದಮೇಲೆ ವಾಂತಿ ಇದ್ದಿದ್ದೇ, ಮೂರು ತಿಂಗಳು ತಡ್ಕೋ" ಅನ್ನುವ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಒಗ್ಗರಣೆಯ ವಾಸನೆಗೇ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡುವವಳು ಯಾಕೆ ತಡೆದುಕೊಳ್ಳಬೇಕು?

ಮಾತ್ರೆ ಅಂದರೆ ಹೆದರಿಕೆ, ನಿಜ. ಅದಕ್ಕೆ ಕಾರಣವೂ ಇದೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ದೆಯ ಔಷಧವನ್ನು ಎಷ್ಟೋ ಬಸುರಿಯರು ವಾಂತಿಗೂ ನುಂಗಿದರು. ಕೈಕಾಲು ಪೂರ್ತಿ ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದವು. ಆದರೆ ಆ ಭಯ ಮುಂದೆ ಏನೂ ತಪ್ಪು ಮಾಡದ ಮದ್ದಿಗೂ ತಗುಲಿಕೊಂಡಿತು. ಡಾಕ್ಸಿಲಮೈನ್ ಮತ್ತು ಬಿ6 ವಿಟಮಿನ್ ಸೇರಿದ ಬೆಂಡೆಕ್ಟಿನ್ ಮಾತ್ರೆಯನ್ನು, ಸಾಲುಸಾಲು ಮೊಕದ್ದಮೆಗಳ ಕಾರಣಕ್ಕೆ, ಅಮೆರಿಕದಲ್ಲಿ 1983ರಲ್ಲಿ ಕಂಪನಿಯೇ ಹಿಂತೆಗೆದುಕೊಂಡಿತು. ಅದರಿಂದ ಮಗುವಿಗೆ ಊನವಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಗಲಿಲ್ಲ. 2013ರಲ್ಲಿ ಅದೇ ಜೋಡಿಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಒಪ್ಪಿಗೆ ಕೊಟ್ಟಿತು. ನಡುವಿನ 30 ವರ್ಷ ಎಷ್ಟು ಹೆಂಗಸರು ಸುಮ್ಮನೆ ನರಳಿದರೋ!

ನಮ್ಮಲ್ಲೂ ಡಾಕ್ಟರು ಇದನ್ನೇ ಬರೆದುಕೊಡುವುದು ಹೆಚ್ಚು. ನಿಧಾನವಾಗಿ ಕರಗುವ ಬಗೆಯದಾದರೆ ಅರ್ಧ ಮಾಡದೆ, ಜಗಿಯದೆ ರಾತ್ರಿ ಮಲಗುವಾಗ ನುಂಗಬೇಕು. ಬೆಳಗಿನ ಓಕರಿಕೆಯ ಹೊತ್ತಿಗೆ ಅದು ಕೆಲಸ ಮಾಡುತ್ತಿರುತ್ತದೆ. ಮಂಪರು ಬರುತ್ತದೆ, ಸ್ಕೂಟರ್ ಹತ್ತಬೇಡಿ. ಬೇರೆ ನಿದ್ದೆ ಮಾತ್ರೆ, ಶೀತದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ದಯವಿಟ್ಟು ಅಕ್ಕನ ಹಳೇ ಚೀಟಿ ತೋರಿಸಿ ಅಂಗಡಿಯಿಂದ ತರಿಸಬೇಡಿ. ಕುಡಿದ ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡುಹಳದಿಯಾಗಿದೆ, ಎದ್ದರೆ ತಲೆ ಸುತ್ತುತ್ತದೆ ಅಂದರೆ ಮಾತ್ರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ, ಡ್ರಿಪ್ ಬೇಕಾಗಬಹುದು.