ಜಾವಾದ ಮುಂದಿನ ಚಕ್ರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಗಡಿನಾಡಿನ ಕನ್ನಡ ಶಿಕ್ಷಣದ ಕುರಿತು ಬರೆಯೋಣವೆಂದುಕೊಂಡಿದ್ದೆ. ಆ ವಿಷಯವನ್ನು ನನಗಿಂತ ಬಲ್ಲವರು ಬರೆಯುತ್ತಾರೆ. ನಲವತ್ತು ವರ್ಷಗಳಿಂದ ಮುಚ್ಚಿಟ್ಟುಕೊಂಡ ನನ್ನದೊಂದು ತಪ್ಪನ್ನು ಈ ಪುಟಗಳಲ್ಲಿ ಒಪ್ಪಿಕೊಳ್ಳುವುದು ನನ್ನ ಪಾಲಿನ ಕರ್ತವ್ಯವೆಂದು ತೋರಿತು. ಅದು ಒಂದು ಮೋಟಾರ್ ಸೈಕಲ್ಲಿನ ಮುಂದಿನ ಚಕ್ರಕ್ಕೆ ಸಂಬಂಧಿಸಿದ್ದು.

ತಾಳವಾಡಿಯ ಹಿರಿಯರಿಗೆ ನನ್ನ ಜಾವಾ ಗಾಡಿ ನೆನಪಿರಬಹುದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಗಾಡಿಗಳ ಪೈಕಿ ಅದೂ ಒಂದು. ಮುಂದೆ ಅವು ಯೆಜ್ಡಿ ಎಂಬ ಹೆಸರಿನಿಂದ ಬಂದವು. 1996ರಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ಕಿಕ್ ಹೊಡೆದ ಸನ್ನೆಯನ್ನೇ ಮುಂದಕ್ಕೆ ಬಾಗಿಸಿದರೆ ಗೇರಿನ ಸನ್ನೆಯಾಗುತ್ತಿದ್ದುದನ್ನು ಕಂಡು ಹುಡುಗರು ಬೆರಗಾಗುತ್ತಿದ್ದರು. ನಾನು 1978ರಲ್ಲಿ ಅದನ್ನು ಎರಡನೆಯ ಕೈಯಿಂದ ಕೊಂಡೆ.

1984ರ ಫೆಬ್ರವರಿಯ ಒಂದು ಸಂಜೆ ಮುಂದಿನ ಚಕ್ರ ಪಂಕ್ಚರ್ ಆಯಿತು. ಶಾಲೆಯ ಅಂಗಳದಲ್ಲಿಯೇ ಚಕ್ರವನ್ನು ಕಳಚಿ, ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಜೋಡಿಸಿದೆ. ಸುತ್ತ ನಿಂತ ವಿದ್ಯಾರ್ಥಿಗಳ ಎದುರು ನನಗೆ ಎಲ್ಲವೂ ಬರುತ್ತದೆಂಬ ಹಮ್ಮು. ಚಕ್ರ ಇನ್ನೂ ನೆಲ ಮುಟ್ಟುವ ಮೊದಲೇ ಎಲ್ಲ ಬೋಲ್ಟುಗಳನ್ನೂ ಮೈಯ ಬಲವನ್ನೆಲ್ಲ ಹಾಕಿ ಬಿಗಿದುಬಿಟ್ಟೆ.

ಮರುದಿನ ಪುಸ್ತಕಗಳನ್ನು ತರಲು ಚಾಮರಾಜನಗರಕ್ಕೆ ಹೊರಟೆ. ಕಟ್ಟು ಹಿಡಿದುಕೊಳ್ಳಲೆಂದು ಹತ್ತನೆಯ ತರಗತಿಯ ಹುಡುಗನೊಬ್ಬನನ್ನು ಹಿಂದೆ ಕೂರಿಸಿಕೊಂಡೆ. ಅವನು ಹತ್ತುವ ಮೊದಲು ಹ್ಯಾಂಡಲನ್ನು ಒತ್ತಿ ನೋಡಿ, "ಸಾರ್, ಒತ್ತುದ್ರೂ ಮುಂದ್ಗಡ ಬಗ್ತನೇ ಇಲ್ವಲ್ಲ ಸಾರ್" ಎಂದನು. "ನಿನಗೇನು ಗೊತ್ತು? ಸುಮ್ಮನೆ ಕೂತ್ಕೋ" ಎಂದು ಗದರಿದೆ.

ಹಿಂದಿರುಗುವಾಗ ಜಲ್ಲಿ ಹರಡಿದ್ದ ತಿರುವಿನಲ್ಲಿ ಬ್ರೇಕು ಹಿಡಿದೆ. ಮುಂಭಾಗ ಕುಗ್ಗಲಿಲ್ಲ, ಚಕ್ರ ಕುಪ್ಪಳಿಸಿ ಪಕ್ಕಕ್ಕೆ ಎಳೆಯಿತು. ಇಬ್ಬರೂ ಬಿದ್ದೆವು. ನನಗೆ ತರಚು ಗಾಯ. ಹುಡುಗನ ಬಲಗೈಯ ಮಣಿಕಟ್ಟು ಮುರಿದಿತ್ತು. ಸಾರ್ವಜನಿಕ ಪರೀಕ್ಷೆಗೆ ಆರು ವಾರವೂ ಉಳಿದಿರಲಿಲ್ಲ.

ಅವನ ಮನೆಯ ಬಾಗಿಲಲ್ಲಿ ತಲೆತಗ್ಗಿಸಿ ನಿಂತಾಗ ತಂದೆ ಹೇಳಿದ್ದು ಇಷ್ಟೇ: "ಕೈ ಕೂಡ್ಕತದ ಮೇಷ್ಟ್ರೇ, ತಕ್ಕಳಿ. ನೀವು ಮದ್ಲು ಒಸಿ ನೀರು ಕುಡೀರಿ." ಜಲ್ಲಿಯ ಮೇಲೆ ಜಾರಿತು ಎಂದು ನಾನು ಎಲ್ಲರಿಗೂ ಹೇಳಿದೆ. ಅದು ಪೂರ್ಣ ಸುಳ್ಳಲ್ಲ. ಪೂರ್ಣ ಸತ್ಯವಂತೂ ಅಲ್ಲ. ಹುಡುಗನು ಬಾಯಿಂದ ಹೇಳಿದ ಉತ್ತರಗಳನ್ನು ಕೆಳತರಗತಿಯ ವಿದ್ಯಾರ್ಥಿಯೊಬ್ಬನು ಬರೆದನು. ಉತ್ತೀರ್ಣನಾದನು, ಆದರೆ ನಾವೆಲ್ಲ ನಿರೀಕ್ಷಿಸಿದ್ದ ಅಂಕಗಳು ಬರಲಿಲ್ಲ.

ಗಾಡಿಯನ್ನು ಚಾಮರಾಜನಗರದ ವೃದ್ಧ ಮೆಕ್ಯಾನಿಕ್ ಒಬ್ಬರಲ್ಲಿಗೆ ಒಯ್ದಾಗ ಅವರು ಮುಂಭಾಗವನ್ನು ಒಮ್ಮೆ ಒತ್ತಿ ನೋಡಿ ನಕ್ಕರು. "ಮೇಷ್ಟ್ರೇ, ಗಾಡಿ ತಾನಾಗಿ ಕೂತ್ಕೊಳ್ಳೋಕೆ ಬಿಡ್ಬೇಕು. ಆಮೇಲೆ ಬಿಗೀಬೇಕು" ಎಂದರು. ಅಂದು ಅವರು ಕಲಿಸಿದ ಪಾಠ ಇದು.

ಮೊದಲು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಎಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟು ಮುಂಭಾಗವನ್ನು ಎತ್ತಬೇಕು. ಆಕ್ಸಲನ್ನು ಒರೆಸಿ, ಗಾಜಿನ ಮೇಲೆ ಉರುಳಿಸಿ ನೋಡಬೇಕು. ಬಾಗಿದ್ದರೆ ಉರುಳುವಾಗಲೇ ಕುಂಟುತ್ತದೆ. ತೆಳುವಾಗಿ ಗ್ರೀಸು ಸವರಿ, ಚಕ್ರವನ್ನು ಫೋರ್ಕಿನ ಎರಡು ಕಾಲುಗಳ ನಡುವೆ ಇಡಬೇಕು. ಬ್ರೇಕ್ ಪ್ಲೇಟಿನ ಗಾಡಿಯು ಫೋರ್ಕಿನ ಕಾಲಿನಲ್ಲಿರುವ ಮುಂಚಾಚಿಗೆ ಸರಿಯಾಗಿ ಕೂರಲೇಬೇಕು. ಅದು ತಪ್ಪಿದರೆ ಬ್ರೇಕು ಹಿಡಿದೊಡನೆ ಪ್ಲೇಟೇ ಚಕ್ರದೊಂದಿಗೆ ಸುತ್ತಿ, ಕೇಬಲ್ಲು ಹರಿದು, ಚಕ್ರ ಕಚ್ಚಿಕೊಳ್ಳುತ್ತದೆ.

ಬಳಿಕ ಆಕ್ಸಲನ್ನು ತೂರಿಸಿ, ಚಕ್ರವನ್ನು ತಿರುಗಿಸಿ, ಬ್ರೇಕನ್ನು ಗಟ್ಟಿಯಾಗಿ ಹಿಡಿಯಬೇಕು. ಆಗ ಒಳಗಿನ ಬ್ರೇಕ್ ಶೂಗಳು ಡ್ರಮ್ಮಿನ ನಡುವೆ ಸಮನಾಗಿ ಕೂರುತ್ತವೆ. ಹಿಡಿದಂತೆಯೇ ಆಕ್ಸಲನ್ನು ಬಿಗಿಯಬೇಕು. ಕಾಲಿನ ತುದಿಯಲ್ಲಿ ಆಕ್ಸಲನ್ನು ಅವುಚಿ ಹಿಡಿಯುವ ಬೋಲ್ಟನ್ನು ಮಾತ್ರ ಈಗ ಮುಟ್ಟಬಾರದು. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಬ್ರೇಕು ಹಿಡಿದು, ಹ್ಯಾಂಡಲನ್ನು ಐದಾರು ಬಾರಿ ಕೆಳಕ್ಕೆ ಒತ್ತಬೇಕು. ಸಡಿಲವಿರುವ ಕಾಲು ಆಕ್ಸಲಿನ ಮೇಲೆ ಕೂದಲೆಳೆಯಷ್ಟು ಸರಿದು ತನ್ನ ಸ್ಥಾನವನ್ನು ತಾನೇ ಕಂಡುಕೊಳ್ಳುತ್ತದೆ. ಕೊನೆಗೆ ಆ ಬೋಲ್ಟು. ಮೊದಲೇ ಬಿಗಿದರೆ ಎರಡು ಕಾಲುಗಳೂ ಒಂದನ್ನೊಂದು ಎಳೆದುಕೊಂಡು, ಒಳಗಿನ ಸ್ಪ್ರಿಂಗು ಕೆಲಸ ಮಾಡದಂತೆ ಸಿಕ್ಕಿಕೊಳ್ಳುತ್ತವೆ. ನಾನು ಮಾಡಿದ್ದು ಅದನ್ನೇ. ಹುಡುಗನು ಕಂಡದ್ದೂ ಅದನ್ನೇ.

ಇನ್ನು ಎರಡೂ ಚಕ್ರಗಳು ಒಂದೇ ಗೆರೆಯಲ್ಲಿರಬೇಕು. ಹಿಂದಿನ ಟೈರಿಗೆ ದಾರ ಸುತ್ತಿ, ಎರಡೂ ಪಕ್ಕದಲ್ಲಿ ಮುಂದಕ್ಕೆ ಬಿಗಿಯಾಗಿ ಎಳೆದು ಹಿಡಿಯಬೇಕು. ಈ ಗಾಡಿಗೆ ಹಿಂದೆ ಮುಂದೆ ಒಂದೇ ಅಗಲದ ಟೈರು. ಆದ್ದರಿಂದ ಹ್ಯಾಂಡಲ್ ನೇರವಾಗಿದ್ದಾಗ ದಾರವು ಪ್ರತಿಯೊಂದು ಟೈರಿನ ಮುಂದಂಚನ್ನೂ ಹಿಂದಂಚನ್ನೂ ಸಮನಾಗಿ ಸೋಕಬೇಕು. ಸೋಕದಿದ್ದರೆ ಚೈನು ಬಿಗಿಯುವಾಗ ಹಿಂದಿನ ಚಕ್ರವನ್ನು ಓರೆಯಾಗಿ ಎಳೆದಿದ್ದೇವೆಂದು ಮೊದಲು ತಿಳಿಯಬೇಕು. ತಪ್ಪು ಸದಾ ಮುಂದಿನ ಚಕ್ರದ್ದೇ ಆಗಿರಬೇಕೆಂದಿಲ್ಲ.

ಅನಂತರದ ವರ್ಷಗಳಲ್ಲಿ ತರಗತಿಯಲ್ಲಿ ಯಾವ ಹುಡುಗನಾದರೂ "ಸಾರ್, ಅದು ಹಾಗಲ್ವಲ್ಲ" ಎಂದರೆ ಸೀಮೆಸುಣ್ಣವನ್ನು ಕೆಳಗಿಟ್ಟು ಕೇಳುವುದನ್ನು ರೂಢಿಸಿಕೊಂಡೆ. ಪ್ರತಿ ಸಲವೂ ಕೇಳಿದೆನೆಂದು ಹೇಳಲಾರೆ.

ಕಳೆದ ತಿಂಗಳು, ಮಹೋತ್ಸವದ ದಿನ ಶಾಲೆಗೆ ಅದೇ ಗಾಡಿಯಲ್ಲಿ ಬರಬೇಕೆಂಬ ಆಸೆಯಿಂದ ಕೊಟ್ಟಿಗೆಯಲ್ಲಿದ್ದ ಜಾವಾವನ್ನು ಹೊರತೆಗೆದೆ. ದಾರ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಅಂದಿನ ಹುಡುಗನಿಗೆ ಹೇಳಿಕಳುಹಿಸಿದೆ. ಈಗ ಅವನಿಗೂ ತಲೆ ನರೆತಿದೆ. ಕೆಲಸಕ್ಕೆ ಮೊದಲು, ಅಂದು ಅವನು ಹೇಳಿದ್ದೇ ಸರಿಯಾಗಿತ್ತೆಂದೂ, ನಾನು ಸತ್ಯವನ್ನು ಮುಚ್ಚಿಟ್ಟೆನೆಂದೂ ಹೇಳಿದೆ.

"ನನ್ಗ ಅವತ್ತೇ ಗೊತ್ತಿತ್ತು ಸಾರ್" ಎಂದನು. ಆಮೇಲೆ ಅದೇ ಬಲಗೈಯಿಂದ ದಾರದ ತುದಿಯನ್ನು ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಇನ್ನೊಸಿ ಎಡಕ್ಕ ಸಾರ್" ಎಂದನು. ಸರಿಪಡಿಸಿದೆ.

ಕೇಳುವ ಕಿವಿಯುಳ್ಳ ಗುರುಗಳೂ, ಕಂಡದ್ದನ್ನು ಅಂಜದೆ ಹೇಳುವ ಮಕ್ಕಳೂ ನಮ್ಮ ಶಾಲೆಯಲ್ಲಿ ಸದಾ ಇರಲಿ. ಶಾಲೆಯು ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.