ಬಣ್ಣದಡಿಯ ತುಕ್ಕು
1964ರಲ್ಲಿ ಪಾಂಟಿಯಾಕ್ ಕಂಪನಿಯು ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ದೊಡ್ಡ ಕಾರುಗಳ 6.4 ಲೀಟರಿನ ವಿ-8 ಎಂಜಿನ್ನನ್ನು, ಅಂದರೆ ಎರಡು ಓರೆ ಸಾಲುಗಳಲ್ಲಿ ಎಂಟು ಸಿಲಿಂಡರುಗಳಿರುವ ಎಂಜಿನ್ನನ್ನು, ಕೂರಿಸಿ ಜಿಟಿಒ ಎಂಬ ಹೆಸರಿನಲ್ಲಿ ಮಾರಿದ ಮೇಲೆ ಅಮೆರಿಕದಲ್ಲಿ ಇಂಥ ಬಲಶಾಲಿ ಎಂಜಿನ್ನಿನ ಮಸಲ್ ಕಾರುಗಳ ಭರಾಟೆ ಆರಂಭವಾಯಿತು. ಇಂದು ಅವುಗಳ ಜೀರ್ಣೋದ್ಧಾರಕ್ಕೆ ಇಳಿದವರನ್ನು ಎಂಜಿನ್ನಿಗಿಂತ ಹೆಚ್ಚು ಕಾಡುವುದು ತುಕ್ಕು. ಹಿಂಚಕ್ರದ ಮೇಲಿನ ತಗಡು, ಡಿಕ್ಕಿಯ ತಳ, ವಿನೈಲ್ ಹೊದಿಕೆಯಡಿ ತೇವ ನಿಂತು ಒಳಗೊಳಗೇ ಲಡ್ಡಾದ ಚಾವಣಿ, ಇವುಗಳ ನಿಜಸ್ಥಿತಿ ಮೇಲಿನ ಪದರವನ್ನು ಕೆರೆದಾಗಲೇ ತಿಳಿಯುತ್ತದೆ. ಎಂಜಿನ್ನಿನ ವಿಷಯಕ್ಕೆ ಬಂದರೆ, ಕಾರ್ಖಾನೆಯ ಮೂಲ ಎಂಜಿನ್ನೇ ಉಳಿದಿರುವ ಕಾರನ್ನು ‘ಮ್ಯಾಚಿಂಗ್ ನಂಬರ್ಸ್’ ಎನ್ನುತ್ತಾರೆ, ಅದಕ್ಕೇ ಬೆಲೆ ಹೆಚ್ಚು. ಆದರೆ ಓಡಿಸಲೆಂದೇ ಹುಟ್ಟಿದ ಕಾರು ಓಡಿ ಓಡಿ ಎಂಜಿನ್ ಸವೆಸಿಕೊಂಡಿದ್ದರೆ ಅದನ್ನು ಕೀಳೆಂದು ಬಗೆಯುವುದು ಅನ್ಯಾಯ. 1968ರ ಮಾದರಿಗಳಿಂದೀಚೆಗೆ ಕಾರಿನ ಗುರುತುಸಂಖ್ಯೆಯ ಒಂದು ಭಾಗವನ್ನು ಎಂಜಿನ್ ಬ್ಲಾಕಿನ ಮೇಲೂ ಒತ್ತಿರುವುದರಿಂದ ಎಂಜಿನ್ ಮೂಲದ್ದೇ ಎಂಬ ಪರಿಶೀಲನೆ ಸುಲಭವಾಗಿದೆ.