ಮಳೆ ಲೆಕ್ಕದ ಕಂಪ್ಯೂಟರ್

ಕೊಡಗಿನ ಕಾಫಿ ತೋಟಗಳಲ್ಲಿ ಹಾಜರಿ ಪುಸ್ತಕದಷ್ಟೇ ಮುಖ್ಯವಾದ ಇನ್ನೊಂದು ಪುಸ್ತಕ ಇರುತ್ತದೆ. ಅದು ಮಳೆ ಪುಸ್ತಕ. ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಬರೆದಿಡುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಹೂಮಳೆ ಯಾವಾಗ ಬಿತ್ತು, ಅದಾಗಿ ಎಷ್ಟು ದಿನಕ್ಕೆ ಮತ್ತೆ ಮಳೆ ಬಂತು ಎಂಬುದನ್ನು ನೋಡಿ ಆ ವರ್ಷದ ಫಸಲನ್ನು ಅಂದಾಜು ಮಾಡುತ್ತಾರೆ.

ಉಮ್ಮನ ತಂದೆ, ಅಂದರೆ ನನ್ನ ಅಜ್ಜ, ಸೋಮವಾರಪೇಟೆ ಹತ್ತಿರದ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೂ ಮಳೆ ಅಳೆಯುವುದನ್ನು ಬಿಡಲಿಲ್ಲ. ಹಳೆಯ ನೋಟ್‌ಬುಕ್‌ಗಳನ್ನು ಗೆದ್ದಲು ತಿಂದಿತು. ಆಗ ಮಾಮ ತಮ್ಮ ಕಂಪ್ಯೂಟರನ್ನು ಅಜ್ಜನಿಗೆ ಕೊಟ್ಟು, ಎಕ್ಸೆಲ್‌ನಲ್ಲಿ ಬರೆಯುವುದನ್ನು ಕಲಿಸಿದರು. 2000ದಿಂದ ಈಚಿನ ಮಳೆಯೆಲ್ಲ ಅದರೊಳಗಿದೆ. ಕೊನೆಯಲ್ಲಿ ಷರಾ ಎಂಬ ಒಂದು ಕಾಲಂ. ‘ಕರೆಂಟ್ ಇಲ್ಲ’, ‘ದೊಡ್ಡ ಗಾಳಿ, ಸಿಲ್ವರ್ ಮರ ಬಿತ್ತು’, ‘ಆಲಿಕಲ್ಲು’ ಎಂದು ಅಜ್ಜ ಕನ್ನಡದಲ್ಲೇ ಬರೆದಿದ್ದಾರೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಕುಸಿದಾಗ, ಹಿಂದೆ ಯಾವಾಗಲಾದರೂ ಇಷ್ಟು ಮಳೆ ಹೊಯ್ದಿತ್ತೇ ಎಂದು ಕೇಳಿಕೊಂಡು ಅಕ್ಕಪಕ್ಕದವರು ನಮ್ಮ ಮನೆಗೆ ಬಂದಿದ್ದರು. ಅಜ್ಜ ಇದೇ ಕಂಪ್ಯೂಟರ್ ತೆರೆದು ತೋರಿಸಿದ್ದರು.

ಪೆಂಟಿಯಂ 2 ಪ್ರೊಸೆಸರ್, 64 ಎಂಬಿ ರ‍್ಯಾಮ್, 4 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 98. ಈಗಿನ ಒಂದೆರಡು ಸಿನಿಮಾ ಹಾಕಿದರೆ ಆ ಡಿಸ್ಕ್ ತುಂಬಿಹೋಗುತ್ತದೆ. ಆದರೆ ಅಜ್ಜನಿಗೆ ಕೈಗೂಡಿದ ಕಂಪ್ಯೂಟರ್ ಅದೊಂದೇ. ಲ್ಯಾಪ್‌ಟಾಪ್ ಕೊಟ್ಟರೆ ‘ಇದು ನನಗೆ ಬೇಡಪ್ಪ’ ಎಂದು ಪಕ್ಕಕ್ಕೆ ಸರಿಸುತ್ತಾರೆ.

ಕಳೆದ ವರ್ಷ ಆ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರತೊಡಗಿತು. ಬೆಂಗಳೂರಿನಲ್ಲಿರುವ ನನ್ನ ಅಣ್ಣ ಬಕ್ರೀದ್ ರಜೆಗೆ ಬರುವಾಗ ಎಸ್.ಪಿ. ರಸ್ತೆಯಲ್ಲಿ ಹುಡುಕಿ ಮೂರು ವಸ್ತು ತಂದ: 40 ಜಿಬಿಯ ಹಳೆಯ ಡಿಸ್ಕ್, 256 ಎಂಬಿಯ ಒಂದು ರ‍್ಯಾಮ್ ಕಡ್ಡಿ, ಒಂದು ಯುಎಸ್‌ಬಿ ಕಾರ್ಡ್. ಮೂರನ್ನೂ ಅದೇ ಸಂಜೆ ಹಾಕಿದ. ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಒಳಗಿನಿಂದ ಉದ್ದನೆಯ ಬೀಪ್, ಸ್ವಲ್ಪ ಬಿಟ್ಟು ಮತ್ತೆ ಉದ್ದನೆಯ ಬೀಪ್. ಮಾರನೆಯ ದಿನ ಅಣ್ಣ ರಜೆ ಮುಗಿದು ಹೊರಡಬೇಕಿತ್ತು. ಅಜ್ಜ ಬೈಯಲಿಲ್ಲ. ಆ ದಿನದ ಮಳೆಯನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದರು. ಅಣ್ಣನಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಬಸ್ ಹತ್ತುವಾಗಲೂ ಅವನ ಮುಖ ಸಪ್ಪಗಿತ್ತು.

ಮಾಮ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರು. ಭಾನುವಾರ ಬಂದವರೇ ಸ್ಕ್ರೂಡ್ರೈವರ್ ತೆಗೆಯುವ ಮೊದಲು ಒಂದು ಕಾಗದ ಕೇಳಿದರು. ‘ಏನೇನು ಬದಲಾಗಿದೆ ಎಂದು ಒಂದೊಂದಾಗಿ ಬರೆ’ ಎಂದರು. ನಾನು ಮೂರನ್ನೂ ಬರೆದೆ. ‘ಈಗ ಮೂರನ್ನೂ ತೆಗಿ. ಮೊದಲು ಹೇಗಿತ್ತೋ ಹಾಗೇ ಆಗಲಿ. ಟಕ್ ಟಕ್ ಎನ್ನುವ ಡಿಸ್ಕಿನ ವಯರ್ ಬಿಚ್ಚಿ ಪಕ್ಕಕ್ಕಿಡು. ಪರೀಕ್ಷೆ ಮಾಡುತ್ತಾ ಅದನ್ನು ಸುಮ್ಮನೆ ತಿರುಗಿಸಬೇಡ, ಮಳೆ ಲೆಕ್ಕ ಇರುವುದು ಅದರಲ್ಲೇ’ ಎಂದರು.

ಗೋಡೆಯ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಕಳೆದುಕೊಂಡು ಮೂರನ್ನೂ ತೆಗೆದೆ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲು ಮಾಮ ಬಿಡಲಿಲ್ಲ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆಯಂತೆ. ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ಎಂದು ಟಾರ್ಚ್ ಹಿಡಿದು ನೋಡಿದೆವು. ಎಲ್ಲವೂ ಚಪ್ಪಟೆಯಾಗಿ ಸರಿಯಾಗಿದ್ದವು. ಮತ್ತೆ ಗುಂಡಿ ಒತ್ತಿದೆವು. ಹೊಸದು ಒಂದೂ ಇಲ್ಲದಿದ್ದರೂ ಅದೇ ಉದ್ದನೆಯ ಬೀಪ್!

ನನಗೆ ಕೈಕಾಲು ತಣ್ಣಗಾಯಿತು. ಯಂತ್ರವೇ ಸುಟ್ಟುಹೋಯಿತು ಅಂದುಕೊಂಡೆ. ಮಾಮ ಮಾತ್ರ, ‘ಸತ್ತ ಯಂತ್ರ ಬೀಪ್ ಮಾಡುವುದಿಲ್ಲ. ಇದು ಮಾತಾಡುತ್ತಿದೆ’ ಎಂದರು. ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪರದೆಗೆ ಅಕ್ಷರ ಕಳಿಸುವ ಹಂತ ಬರುವ ಮೊದಲೇ ದೋಷ ಸಿಕ್ಕಿದರೆ ಅದನ್ನು ಹೇಳಲು ಇರುವುದು ಸ್ಪೀಕರ್ ಒಂದೇ. ಬಯೋಸ್ ತಯಾರಿಸಿದ ಕಂಪನಿಗೆ ತಕ್ಕಂತೆ ಬೀಪ್‌ಗಳ ಅರ್ಥ ಬದಲಾಗುತ್ತದೆ. ಅಜ್ಜನ ಯಂತ್ರದಲ್ಲಿರುವುದು ಅವಾರ್ಡ್ ಬಯೋಸ್. ಅದರಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿನ ತೊಂದರೆ. ಉದ್ದನೆಯದೇ ಮತ್ತೆ ಮತ್ತೆ ಬಂದರೆ ರ‍್ಯಾಮ್ ತೊಂದರೆ.

ಹಳೆಯ 64 ಎಂಬಿ ಕಡ್ಡಿಯನ್ನು ತೆಗೆದು ನೋಡಿದರೆ ಅದರ ಚಿನ್ನದ ಬಣ್ಣದ ಅಂಚು ಮಾಸಿಹೋಗಿತ್ತು. ನಮ್ಮೂರಿನ ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇದನ್ನು ಬಿಟ್ಟೀತೇ? ಇಷ್ಟು ವರ್ಷ ಅಲುಗಾಡದೆ ಕೂತಿದ್ದಾಗ ಹೇಗೋ ಸಂಪರ್ಕ ಇತ್ತು. ಪಕ್ಕದಲ್ಲಿ ಹೊಸ ಕಡ್ಡಿ ಹಾಕುವಾಗ ಅದು ಸ್ವಲ್ಪ ಅಲುಗಿ ಸಂಪರ್ಕ ತಪ್ಪಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅಂಚನ್ನು ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಒರೆಸಿ, ಎರಡೂ ಬದಿಯ ಕೊಂಡಿ ಟಕ್ಕೆಂದು ಕೂರುವವರೆಗೆ ಒತ್ತಿದೆ. ಗುಂಡಿ ಒತ್ತಿದಾಗ ಒಂದೇ ಒಂದು ಗಿಡ್ಡ ಬೀಪ್ ಬಂತು. ಪರದೆ ಬೆಳಗಿತು.

ಆದರೆ ಪರದೆಯ ಮೇಲೆ ಬಂದದ್ದು ಸಿಮಾಸ್ ಚೆಕ್‌ಸಮ್ ಎರರ್. ಇದೇನು ಹೊಸ ತೊಂದರೆ ಎಂದು ನಾನು ಗಾಬರಿಯಾದರೆ, ಹಿಂದೆ ಕೂತಿದ್ದ ಅಜ್ಜ, ‘ಅದು ಹಳೆಯದು. ಕರೆಂಟ್ ಹೋಗಿ ಬಂದಾಗಲೆಲ್ಲ ಹೀಗೇ ಬರುತ್ತದೆ. ಎಫ್ ಒಂದು ಒತ್ತಿ ತಾರೀಖು ಸರಿಮಾಡಿದರೆ ಆಯಿತು’ ಎಂದರು! ಬೋರ್ಡಿನ ಮೇಲೆ ನಾಣ್ಯದ ಆಕಾರದ ಒಂದು ಸೆಲ್ ಇದೆ. ತಾರೀಖು, ಗಂಟೆ, ಸೆಟಪ್‌ನಲ್ಲಿ ಉಳಿಸಿದ ವಿವರ, ಇವೆಲ್ಲ ವಿದ್ಯುತ್ ಇಲ್ಲದಾಗಲೂ ಉಳಿಯುವುದು ಅದರಿಂದ. ಅದು ಯಾವತ್ತೋ ಸತ್ತಿತ್ತು. ಅಜ್ಜ ಅದನ್ನು ಯಂತ್ರದ ಸ್ವಭಾವ ಎಂದೇ ತಿಳಿದಿದ್ದರು. ಪೇಟೆಯ ಗಡಿಯಾರದ ಅಂಗಡಿಯಿಂದ ಸಿಆರ್ 2032 ಎಂಬ 3 ವೋಲ್ಟಿನ ಸೆಲ್ ತಂದು ಹಾಕಿ, ಸೆಟಪ್‌ಗೆ ಹೋಗಿ ತಾರೀಖು ಸರಿಮಾಡಿದೆವು. ಈಗ ಹಳೆಯ ಡಿಸ್ಕನ್ನು ಜೋಡಿಸಿದೆವು. ವಿಂಡೋಸ್ 98 ತೆರೆಯಿತು. ಮಾಮ ಮೊದಲು ಮಾಡಿದ ಕೆಲಸ ಮಳೆ ಫೈಲನ್ನು ಎರಡು ಫ್ಲಾಪಿಗೆ ನಕಲು ಮಾಡಿದ್ದು. ಇಷ್ಟು ವರ್ಷದ ಮಳೆ 1.44 ಎಂಬಿಯ ಒಂದು ಫ್ಲಾಪಿಯೊಳಗೆ ಹಿಡಿಸಿತು.

‘ಇನ್ನು ಒಂದೊಂದಾಗಿ ಹಾಕು. ಪ್ರತಿ ಸಲವೂ ಆನ್ ಮಾಡಿ ನೋಡು’ ಎಂದರು ಮಾಮ. ಮೊದಲು ಹೊಸ ರ‍್ಯಾಮ್. ಯಂತ್ರ ಆನ್ ಆಯಿತು, ಆದರೆ 320 ಎಂಬಿ ಬರಬೇಕಾದಲ್ಲಿ 192 ತೋರಿಸಿತು. ಕಡ್ಡಿ ಕೆಟ್ಟಿರಲಿಲ್ಲ. ಬೋರ್ಡಿನಲ್ಲಿರುವುದು ಇಂಟೆಲ್‌ನ 440ಬಿಎಕ್ಸ್ ಚಿಪ್‌ಸೆಟ್, 1998ರ ಕಾಲದ್ದು. ಎಂಟೇ ದೊಡ್ಡ ಚಿಪ್‌ಗಳಲ್ಲಿ 256 ಎಂಬಿ ತುಂಬಿದ ಆಮೇಲಿನ ಕಾಲದ ಕಡ್ಡಿಯನ್ನು ಅದು ಅರ್ಧ ಮಾತ್ರ ಗುರುತಿಸುತ್ತದೆ. ಹದಿನಾರು ಚಿಪ್ ಇರುವ ಕಡ್ಡಿಯಾಗಿದ್ದರೆ ಪೂರ್ತಿ ಸಿಗುತ್ತಿತ್ತು. ಮಳೆ ಲೆಕ್ಕಕ್ಕೆ 192 ಧಾರಾಳ ಎಂದು ಹಾಗೇ ಬಿಟ್ಟೆವು. ವಿಂಡೋಸ್ 98ಕ್ಕೆ 512 ಎಂಬಿಗಿಂತ ಹೆಚ್ಚು ರ‍್ಯಾಮ್ ಕೊಟ್ಟರೆ, ಮೆಮೊರಿ ಸಾಲದು ಎಂದು ದೂರುತ್ತದೆ ಎಂಬ ವಿಚಿತ್ರವನ್ನೂ ಮಾಮ ಆಗಲೇ ಹೇಳಿದರು.

ಆಮೇಲೆ ಯುಎಸ್‌ಬಿ ಕಾರ್ಡ್. ಅದರಿಂದ ಆನ್ ಆಗುವುದಕ್ಕೆ ಏನೂ ಅಡ್ಡಿಯಾಗಲಿಲ್ಲ.

ಕೊನೆಗೆ 40 ಜಿಬಿ ಡಿಸ್ಕ್. ರ‍್ಯಾಮ್ ಎಣಿಸಿ ಮುಗಿಸಿದ ಯಂತ್ರ, ಡಿಸ್ಕ್ ಹುಡುಕುವ ಸಾಲಿಗೆ ಬಂದು ಅಲ್ಲೇ ನಿಂತಿತು. ಕೀಬೋರ್ಡಿಗೂ ಜಗ್ಗಲಿಲ್ಲ. ಕೇಬಲ್ ಸರಿಯಾಗಿತ್ತು, ಮಾಸ್ಟರ್, ಸ್ಲೇವ್ ಜಂಪರ್ ಕೂಡ ಸರಿಯಾಗಿತ್ತು. ಮಾಮ ಪರದೆಯ ಕೆಳಗಿದ್ದ ಬಯೋಸ್ ತಾರೀಖು ತೋರಿಸಿದರು: 1998. ಆ ಕಾಲದ ಅನೇಕ ಅವಾರ್ಡ್ ಬಯೋಸ್‌ಗಳಿಗೆ ಸುಮಾರು 32 ಜಿಬಿಗಿಂತ ದೊಡ್ಡ ಡಿಸ್ಕಿನ ಲೆಕ್ಕ ಬಾರದು. ಎಣಿಸಲು ಹೋಗಿ ನಿಂತುಬಿಡುತ್ತವೆ. ಇದು ಡಿಸ್ಕ್ ತಯಾರಿಸುವವರಿಗೂ ಗೊತ್ತಿತ್ತು. ಅದಕ್ಕೇ ಡಿಸ್ಕಿನ ಲೇಬಲ್ ಮೇಲೆ ಒಂದು ಜಂಪರ್ ಚಿತ್ರ ಇತ್ತು. ಆ ಜಾಗದಲ್ಲಿ ಜಂಪರ್ ಸಿಕ್ಕಿಸಿದರೆ ಡಿಸ್ಕ್ ತಾನು 32 ಜಿಬಿ ಎಂದೇ ಹೇಳಿಕೊಳ್ಳುತ್ತದೆ. ಸಿಕ್ಕಿಸಿದೆವು. ಯಂತ್ರ ಮುಂದೆ ಹೋಯಿತು. ಅದೇ ರಾತ್ರಿ ಹೊಸ ಡಿಸ್ಕಿಗೆ ಹಳೆಯ ಸಿಡಿಯಿಂದ ವಿಂಡೋಸ್ ಮತ್ತು ಎಕ್ಸೆಲ್ ಹಾಕಿ, ಮಳೆ ಫೈಲನ್ನು ಅದಕ್ಕೆ ಸೇರಿಸಿದೆವು.

ಆ ಕಾಗದದಲ್ಲಿ ಬದಲಾವಣೆಗಳ ಎದುರು ತೊಂದರೆಗಳನ್ನೂ ಬರೆದು ನೋಡಿದಾಗ ನನಗೆ ಹೊಳೆದದ್ದು ಇದು. ಅಣ್ಣ ಮೂರು ವಸ್ತು ಹಾಕಿದ ದಿನವೇ ಯಂತ್ರ ನಿಂತಿತು, ಹಾಗಾಗಿ ಮನೆಯವರೆಲ್ಲ ಅವನಿಂದಲೇ ಕೆಟ್ಟಿತು ಎಂದುಕೊಂಡಿದ್ದರು. ಆದರೆ ಬೀಪ್‌ಗೆ ಕಾರಣ ಹಲವು ಮಳೆಗಾಲದ ತೇವ. ತಾರೀಖಿನ ತೊಂದರೆಗೆ ಅಣ್ಣನ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಹೊಸ ವಸ್ತುವಿನಿಂದಲೇ ಬಂದದ್ದು ಡಿಸ್ಕಿನ ತೊಂದರೆ ಒಂದೇ. ಅದು ಕೂಡ ಡಿಸ್ಕ್ ಕೆಟ್ಟದ್ದರಿಂದಲ್ಲ, ಎರಡು ಕಾಲದ ವಸ್ತುಗಳು ಒಂದಕ್ಕೊಂದು ಹೊಂದದ್ದರಿಂದ. ಬದಲಾವಣೆಯ ನಂತರ ಕಂಡ ತೊಂದರೆಯೆಲ್ಲ ಬದಲಾವಣೆಯಿಂದಲೇ ಬಂದದ್ದು ಎನ್ನುವಂತಿಲ್ಲ. ಯಾವುದು ಯಾವುದರಿಂದ ಎಂದು ತಿಳಿಯಲು ಒಂದೇ ದಾರಿ, ಎಲ್ಲವನ್ನೂ ಹಿಂದಕ್ಕೆ ತಂದು ಒಂದೊಂದನ್ನೇ ಬದಲಾಯಿಸುವುದು. ನಮ್ಮ ಭೌತಶಾಸ್ತ್ರ ಲ್ಯಾಬಿನಲ್ಲಿ ಓಮ್‌ನ ನಿಯಮದ ಪ್ರಯೋಗ ಮಾಡುವಾಗಲೂ ರೋಧವನ್ನು ಹಾಗೇ ಇಟ್ಟು ವೋಲ್ಟೇಜ್ ಮಾತ್ರ ಬದಲಾಯಿಸುತ್ತೇವಲ್ಲ, ಹಾಗೆ.

ಅಣ್ಣನಿಗೆ ಫೋನ್ ಮಾಡಿದ್ದು ಅಜ್ಜನೇ. ‘ನೀನು ತಂದ ಡಿಸ್ಕ್ ಚೆನ್ನಾಗಿದೆ, ಸದ್ದೇ ಇಲ್ಲ’ ಎಂದರು. ಆ ಕಡೆಯಿಂದ ಅಣ್ಣ ಏನು ಹೇಳಿದನೋ ಕೇಳಿಸಲಿಲ್ಲ, ಅಜ್ಜ ಮಾತ್ರ ನಗುತ್ತಿದ್ದರು.

ಫೈಲಿನ ಒಂದು ಪ್ರತಿ ಈಗ ನನ್ನ ಲ್ಯಾಪ್‌ಟಾಪಿನಲ್ಲೂ ಇದೆ. ಅಂಕಿಗಳು ಸರಿಯಾಗಿವೆ. ಆದರೆ ಷರಾ ಕಾಲಂ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದವು. ಅದೇ ಫಾಂಟ್ ಇಲ್ಲದಿದ್ದರೆ ಓದಲಾಗದು. ಹಾಗಾಗಿ ರಜಾ ದಿನಗಳಲ್ಲಿ ಅಜ್ಜ ಹಳೆಯ ಪರದೆ ನೋಡಿ ಓದುತ್ತಾರೆ, ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತೇನೆ. 2007ರವರೆಗೆ ಬಂದಿದ್ದೇವೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಹಳೆಯ ಕಂಪ್ಯೂಟರ್ ಇದ್ದು, ಅದರಲ್ಲಿ ಬೇಕಾದ ಫೋಟೊ, ಬರಹ, ಲೆಕ್ಕ ಇದ್ದರೆ ಈ ಮಳೆಗಾಲ ಕಳೆಯುವುದರೊಳಗೆ ಒಮ್ಮೆ ತೆರೆದು ನೋಡಿ. ಮೊದಲು ನಕಲು ಮಾಡಿಕೊಳ್ಳಿ, ಆಮೇಲೆ ರಿಪೇರಿ. ಜೊತೆಗೆ ಒಂದು ಕಾಗದ, ಒಂದು ಪೆನ್ನು ಇರಲಿ.